ಹನ್ನೊಂದು ವರ್ಷ ಹೊತ್ತ ಅಪವಾದ

ಮನೆಯಲ್ಲಿ ಗಾಜಿನ ಲೋಟವೊಂದು ಕೆಳಗೆ ಬಿದ್ದು ಚೂರಾದರೆ ಮೊದಲು ಕೇಳಿಬರುವ ಪ್ರಶ್ನೆ 'ಒಡೆದವರು ಯಾರು?' ಎಂಬುದು. ಲೋಟವನ್ನು ಮೇಜಿನ ಅಂಚಿನಲ್ಲಿ ಇಟ್ಟವರು ಯಾರು, ನೆಲದ ಮೇಲೆ ನೀರು ಚೆಲ್ಲಿ ಒರಸದೆ ಹೋದವರು ಯಾರು, ಹೊತ್ತಾಯಿತೆಂದು ಮಗುವನ್ನು ಅವಸರಪಡಿಸಿದವರು ಯಾರು ಎಂಬ ಪ್ರಶ್ನೆಗಳು ಹುಟ್ಟುವುದೇ ಅಪರೂಪ. ಕೊನೆಯಲ್ಲಿ ಲೋಟವನ್ನು ಮುಟ್ಟಿದ ಕೈ ಯಾವುದೋ ಅದೇ ಅಪರಾಧಿಯ ಕೈ. ಒಂದು ಲೋಟದ ಮಟ್ಟಿಗೆ ಈ ನ್ಯಾಯದಿಂದ ದೊಡ್ಡ ಹಾನಿಯೇನೂ ಆಗಲಾರದು. ಒಂದು ಗದರಿಕೆ, ನಾಲ್ಕು ಹನಿ ಕಣ್ಣೀರು, ಅಷ್ಟರಲ್ಲಿ ಮುಗಿದುಹೋಗುತ್ತದೆ. ಆದರೆ ಇಪ್ಪತ್ತಮೂರು ಜೀವಗಳು ಹೋದೆಡೆಯಲ್ಲಿಯೂ ಇದೇ ನ್ಯಾಯ ನಡೆದರೆ?

1958ನೆಯ ಇಸವಿ ಫೆಬ್ರವರಿ 6ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಡೆದ ವಿಮಾನ ದುರಂತದ ಕಥೆ ಅಂಥದು. ದುರಂತದ ವಿವರಗಳನ್ನು ಪ್ರಪಂಚವು ಬಲ್ಲದು, ಇಂದಿಗೂ ಸ್ಮರಿಸುತ್ತದೆ. ಅದರ ಅನಂತರ ಒಬ್ಬ ಮನುಷ್ಯನು ಅನುಭವಿಸಿದ ಇನ್ನೊಂದು ನಿಧಾನವಾದ ದುರಂತವನ್ನು ಬಲ್ಲವರು ಕಡಿಮೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಫುಟ್‌ಬಾಲ್ ತಂಡವು ಆಗ ತನ್ನ ಕೀರ್ತಿಯ ಏರುಗಾಲದಲ್ಲಿದ್ದಿತು. ಮ್ಯಾಟ್ ಬಸ್ಬಿ ಎಂಬ ಚತುರ ವ್ಯವಸ್ಥಾಪಕನು ಎಳೆಯ ಆಟಗಾರರನ್ನೇ ಆರಿಸಿ, ಬೆಳೆಸಿ ಕಟ್ಟಿದ ತಂಡವದು; ಜನರು ಅದನ್ನು ಪ್ರೀತಿಯಿಂದ 'ಬಸ್ಬಿಯ ಮಕ್ಕಳು' ಎಂದೇ ಕರೆಯುತ್ತಿದ್ದರು. ಯೂರೋಪಿನ ಕಪ್ಪಿಗಾಗಿ ನಡೆಯುತ್ತಿದ್ದ ಪಂದ್ಯಾವಳಿಯಲ್ಲಿ ಈ ತಂಡವು ಫೆಬ್ರವರಿ 5ರಂದು ಬೆಲ್‌ಗ್ರೇಡಿನಲ್ಲಿ ರೆಡ್‌ಸ್ಟಾರ್ ತಂಡದೊಡನೆ 3-3 ಗೋಲುಗಳಿಂದ ಸಮವಾಗಿ ಆಡಿ, ಮೊದಲ ಪಂದ್ಯದ ಗೆಲುವಿನ ಬಲದಿಂದ ಮುಂದಿನ ಸುತ್ತನ್ನು ಸೇರಿತು. ಮರುದಿನ ಗುರುವಾರ. ಶನಿವಾರ ತಮ್ಮ ದೇಶದಲ್ಲಿಯೇ ಇನ್ನೊಂದು ಮುಖ್ಯ ಪಂದ್ಯ ಕಾದಿತ್ತು. ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನ ಅಧಿಕಾರಿಗಳಿಗೆ ತಮ್ಮ ತಂಡಗಳು ಹೊರದೇಶದ ಪಂದ್ಯಾವಳಿಗೆ ಹೋಗುವುದು ಅಷ್ಟಾಗಿ ಒಪ್ಪಿಗೆಯಾಗಿರಲಿಲ್ಲ. ಹಿಂದಿನ ಡಿಸೆಂಬರಿನಲ್ಲಿ ಪ್ರಾಗ್ ನಗರದಿಂದ ಮರಳುವಾಗ ಇಂಗ್ಲೆಂಡಿನ ಮೇಲೆ ಕವಿದಿದ್ದ ಮಂಜಿನಿಂದಾಗಿ ತಂಡವು ಹಡಗು ಹಿಡಿದು ಬಳಸುದಾರಿಯಲ್ಲಿ ಊರು ಸೇರಬೇಕಾಗಿ ಬಂದಿತ್ತು. ಆ ಫಜೀತಿ ಮತ್ತೆ ಬೇಡವೆಂದು ಈ ಬಾರಿ ತಂಡಕ್ಕಾಗಿಯೇ ಒಂದು ವಿಮಾನವನ್ನು ಗೊತ್ತುಮಾಡಿದ್ದರು.

ಅದು ಬ್ರಿಟಿಷ್ ಯೂರೋಪಿಯನ್ ಏರ್‌ವೇಸ್ ಸಂಸ್ಥೆಗೆ ಸೇರಿದ 'ಅಂಬಾಸಡರ್' ಜಾತಿಯ, ಎರಡು ಎಂಜಿನುಗಳ ವಿಮಾನ. ಬೆಲ್‌ಗ್ರೇಡಿನಿಂದ ಮ್ಯಾಂಚೆಸ್ಟರಿಗೆ ಒಂದೇ ಹಾರಾಟದಲ್ಲಿ ಹೋಗುವಷ್ಟು ಇಂಧನ ಅದರಲ್ಲಿ ಹಿಡಿಸುತ್ತಿರಲಿಲ್ಲ. ಆದ್ದರಿಂದ ಮ್ಯೂನಿಕ್ಕಿನ ರೀಮ್ ನಿಲ್ದಾಣದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಗಿತ್ತು. ವಿಮಾನದ ಹೊಣೆ ಕ್ಯಾಪ್ಟನ್ ಜೇಮ್ಸ್ ಥೇನ್ ಎಂಬಾತನದು. ಅವನ ಜೊತೆಗಾರ ಕೆನೆತ್ ರೇಮೆಂಟ್. ಅವನೂ ಅನುಭವಸ್ಥನಾದ ಕ್ಯಾಪ್ಟನ್ನನೇ. ಹೋಗುವಾಗ ಥೇನ್ ನಡೆಸಿದ್ದನು. ಬರುವಾಗ ರೇಮೆಂಟನು ನಡೆಸಲೆಂದು ಗೆಳೆಯರಿಬ್ಬರೂ ಮಾತಾಡಿಕೊಂಡು ಎಡಗಡೆಯ ಪೀಠವನ್ನು ರೇಮೆಂಟನಿಗೆ ಬಿಟ್ಟುಕೊಟ್ಟು ಥೇನನು ಬಲಗಡೆ ಕುಳಿತನು. ವಿಮಾನದ ಒಡೆತನ ಹೊತ್ತವನು ಎಡಗಡೆಯೇ ಕೂರಬೇಕೆಂಬುದು ಸಂಸ್ಥೆಯ ನಿಯಮ. ಆ ಹೊತ್ತಿನಲ್ಲಿ ಅತ್ಯಲ್ಪವಾಗಿ ಕಂಡ ಈ ಲೋಪವು ಮುಂದೆ ಎಷ್ಟು ದೊಡ್ಡದಾಗಿ ಬೆಳೆಯಲಿತ್ತೆಂಬುದನ್ನು ಆಗ ಯಾರೂ ಎಣಿಸಿರಲಿಲ್ಲ.

ಮ್ಯೂನಿಕ್ಕಿನಲ್ಲಿ ಹಿಮ ಬೀಳುತ್ತಿತ್ತು. ಇಂಧನ ತುಂಬಿಸಿಕೊಂಡು ಹೊರಟ ವಿಮಾನವು ಮೊದಲನೆಯ ಸಲ ರನ್‌ವೇಯ ಮೇಲೆ ಓಡುತ್ತಿರುವಾಗ ಎಂಜಿನಿನ ಸದ್ದು ಏರುಪೇರಾಯಿತು. ಒತ್ತಡವನ್ನು ತೋರಿಸುವ ಮುಳ್ಳು ಹೊಯ್ದಾಡಿತು. ಚಾಲಕರು ಓಟವನ್ನು ನಿಲ್ಲಿಸಿದರು. ಎರಡನೆಯ ಸಲವೂ ಹಾಗೆಯೇ ಆಯಿತು. ಈ ಜಾತಿಯ ವಿಮಾನದಲ್ಲಿ, ಅದರಲ್ಲಿಯೂ ಮ್ಯೂನಿಕ್ಕಿನಂತಹ ಎತ್ತರದ ಊರುಗಳಲ್ಲಿ, ಈ ತೊಂದರೆ ಹೊಸದಾಗಿರಲಿಲ್ಲ. ಪ್ರಯಾಣಿಕರು ಇಳಿದು ನಿಲ್ದಾಣದ ಕೊಠಡಿಗೆ ಬಂದರು. ಇನ್ನು ಇವತ್ತು ಹಾರಾಟವಿಲ್ಲವೆಂದೇ ಹಲವರು ತಿಳಿದರು. ಡಂಕನ್ ಎಡ್ವರ್ಡ್ಸ್ ಎಂಬ ತರುಣನು, ಇಪ್ಪತ್ತೊಂದು ವರ್ಷಕ್ಕೇ ದೇಶದ ಕಣ್ಮಣಿಯಾಗಿದ್ದ ಆಟಗಾರನು, ತಾನು ವಾಸವಾಗಿದ್ದ ಮನೆಯೊಡತಿಗೆ ತಂತಿ ಕೊಟ್ಟನು: ಹಾರಾಟ ರದ್ದಾಗಿದೆ, ನಾಳೆ ಬರುತ್ತೇನೆ ಎಂದು.

ನಿಲ್ದಾಣದಲ್ಲಿದ್ದ ಎಂಜಿನಿಯರು ರಾತ್ರಿ ಅಲ್ಲಿಯೇ ತಂಗಿ ಎಂಜಿನನ್ನು ಸರಿಪಡಿಸಬಹುದೆಂದು ಸೂಚಿಸಿದನು. ಎಂಜಿನಿಗೆ ನಿಧಾನವಾಗಿ ಶಕ್ತಿ ಕೊಡುತ್ತ ಹೋದರೆ ಈ ತೊಂದರೆ ಬಾರದೆಂಬುದೂ ಗೊತ್ತಿದ್ದ ಸಂಗತಿ. ಹಾಗೆ ಮಾಡಿದರೆ ನೆಲ ಬಿಡುವ ಮುನ್ನ ಹೆಚ್ಚು ದೂರ ಓಡಬೇಕಾಗುತ್ತದೆ. ಆದರೆ ಸುಮಾರು ಎರಡು ಕಿಲೋಮೀಟರಿನ ರನ್‌ವೇ ಅದಕ್ಕೆ ಧಾರಾಳವಾಗಿ ಸಾಕು. ಚಾಲಕರಿಬ್ಬರೂ ರೆಕ್ಕೆಗಳ ಕಡೆ ನೋಡಿದರು. ಬಿದ್ದ ಹಿಮವು ಕರಗುತ್ತಿದ್ದಂತೆ ಕಂಡಿತು. ಆ ದಿನ ಅಲ್ಲಿಂದ ಹೊರಟ ಬೇರೆ ವಿಮಾನಗಳೂ ರೆಕ್ಕೆ ತೊಳೆಸಿಕೊಂಡಿರಲಿಲ್ಲ. ಥೇನನು ಮೂರನೆಯ ಪ್ರಯತ್ನಕ್ಕೆ ನಿರ್ಧಾರ ಮಾಡಿದನು. ಪ್ರಯಾಣಿಕರು ಮತ್ತೆ ಬಂದು ಕುಳಿತರು. ಕೆಲವರು ಹಿಂಭಾಗವು ಹೆಚ್ಚು ಕ್ಷೇಮವೆಂದು ತಿಳಿದು ಜಾಗ ಬದಲಿಸಿ ಹಿಂದಕ್ಕೆ ಹೋದರು.

ಮಧ್ಯಾಹ್ನ ಮೂರು ಗಂಟೆ ದಾಟಿ ಕೆಲವೇ ನಿಮಿಷಗಳಾಗಿದ್ದವು. ವಿಮಾನ ಓಡತೊಡಗಿತು. ಈ ಬಾರಿ ಎಂಜಿನುಗಳು ಸರಿಯಾಗಿಯೇ ಇದ್ದವು. ವೇಗವು 117 ನಾಟ್‌ಗಳಿಗೆ, ಎಂದರೆ ಗಂಟೆಗೆ ಸುಮಾರು 217 ಕಿಲೋಮೀಟರಿಗೆ ಏರಿತು. ಆ ಹಂತವನ್ನು ದಾಟಿದ ಮೇಲೆ ನಿಲ್ಲಿಸುವ ಮಾತಿಲ್ಲ, ಹಾರಲೇಬೇಕು. ಹಾರುವುದಕ್ಕೆ ಬೇಕಾದುದು 119. ಇನ್ನೆರಡೇ ನಾಟ್! ಆಗ ಆಗಬಾರದುದು ಆಯಿತು. ಏರಬೇಕಾದ ಮುಳ್ಳು ಇಳಿಯಿತು. 117 ಇದ್ದದ್ದು 112 ಆಯಿತು. 112 ಇದ್ದದ್ದು 105ಕ್ಕೆ ಬಂದಿತು. ಎಂಜಿನುಗಳು ಪೂರ್ಣಶಕ್ತಿಯಿಂದ ಮೊರೆಯುತ್ತಿದ್ದರೂ ಯಾವುದೋ ಕಾಣದ ಕೈ ಹಿಂದಿನಿಂದ ಹಿಡಿದೆಳೆದಂತೆ ವಿಮಾನವು ಸೊರಗಿತು. ರನ್‌ವೇ ಮುಗಿದುಹೋಯಿತು. ಬೇಲಿಯನ್ನು ಮುರಿದು, ರಸ್ತೆಯನ್ನು ದಾಟಿ, ಒಂದು ಮನೆಗೆ ಅಪ್ಪಳಿಸಿ ರೆಕ್ಕೆಯನ್ನು ಕಳೆದುಕೊಂಡು, ವಿಮಾನವು ಹರಿದು ಹೋಳಾಯಿತು. ಅದರ ಒಂದು ಭಾಗವು ಅಲ್ಲಿದ್ದ ಮರದ ಶೆಡ್ಡಿಗೆ ಬಡಿಯಿತು. ಒಳಗಿದ್ದ ಲಾರಿಯ ಇಂಧನಕ್ಕೆ ಬೆಂಕಿ ಹತ್ತಿ ಸಿಡಿಯಿತು.

ವಿಮಾನದಲ್ಲಿದ್ದವರು 44 ಮಂದಿ. ಇಪ್ಪತ್ತು ಜನರು ಅಲ್ಲಿಯೇ ಮಡಿದರು. ಆಸ್ಪತ್ರೆಯಲ್ಲಿ ತೀರಿಕೊಂಡವರನ್ನೂ ಸೇರಿಸಿ ಸತ್ತವರ ಸಂಖ್ಯೆ 23ಕ್ಕೆ ಏರಿತು. ಅವರಲ್ಲಿ ಎಂಟು ಮಂದಿ ಆಟಗಾರರು, ಎಂಟು ಮಂದಿ ಪತ್ರಿಕಾ ಬಾತ್ಮೀದಾರರು. ಡಂಕನ್ ಎಡ್ವರ್ಡ್ಸ್ ಹದಿನೈದು ದಿನಗಳ ಕಾಲ ಸಾವಿನೊಡನೆ ಸೆಣಸಿ ಸೋತನು. ನಾಳೆ ಬರುತ್ತೇನೆಂಬ ಅವನ ತಂತಿ ಮಾತ್ರ ಅದೇ ಸಂಜೆ ಮನೆಗೆ ಮುಟ್ಟಿತ್ತು. ಗೋಲ್‌ಕೀಪರ್ ಹ್ಯಾರಿ ಗ್ರೆಗ್ ಸಿಡಿಯಬಹುದಾಗಿದ್ದ ವಿಮಾನದೊಳಕ್ಕೆ ಮರಳಿ ನುಗ್ಗಿ ಒಂದು ಹಸುಗೂಸನ್ನೂ ಅದರ ತಾಯಿಯನ್ನೂ ಹೊರತಂದನು. ವಿಮಾನ ನಡೆಸುತ್ತಿದ್ದ ರೇಮೆಂಟನೂ ಕೆಲವು ವಾರಗಳ ಮೇಲೆ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದನು. ಚಾಲಕರ ಪೈಕಿ ಉಳಿದವನು ಥೇನ್ ಒಬ್ಬನೇ.

ಬದುಕಿ ಉಳಿದದ್ದೇ ಅವನ ಪಾಲಿಗೆ ಭಾರವಾಯಿತೆಂದರೆ ತಪ್ಪಲ್ಲ.

ಜರ್ಮನಿಯ ಮುಖ್ಯ ತನಿಖಾಧಿಕಾರಿಯು ಸ್ಥಳಕ್ಕೆ ಬಂದುದು ಅಪಘಾತವಾಗಿ ಸುಮಾರು ಆರು ಗಂಟೆಗಳ ತರುವಾಯ, ಕತ್ತಲಾದ ಮೇಲೆ. ಅಷ್ಟು ಹೊತ್ತೂ ಮುರಿದ ವಿಮಾನದ ಮೇಲೆ ಹಿಮ ಸುರಿದಿತ್ತು. ರೆಕ್ಕೆಯ ಮೇಲಿನ ಹಿಮವನ್ನು ಸರಿಸಿ ನೋಡಿದಾಗ ಅಡಿಯಲ್ಲಿ ಒರಟಾದ ಮಂಜುಗಡ್ಡೆಯ ಪದರ ಕಾಣಿಸಿತು. ಮಂಜುಗಡ್ಡೆ ಕಟ್ಟಿದ ರೆಕ್ಕೆಗೆ ಮೇಲೆತ್ತುವ ಶಕ್ತಿ ಕುಂದುತ್ತದೆಂಬುದು ವಿಮಾನವಿದ್ಯೆಯ ಮೊದಲ ಪಾಠ. ಕಾರಣ ಸಿಕ್ಕಿತು! 1959ರ ಮಾರ್ಚಿಯಲ್ಲಿ ಹೊರಬಿದ್ದ ಜರ್ಮನ್ ವರದಿಯು ರೆಕ್ಕೆಯ ಮೇಲಿನ ಮಂಜುಗಡ್ಡೆಯೇ ನಿರ್ಣಾಯಕ ಕಾರಣವೆಂದು ಸಾರಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರೆಕ್ಕೆಯು ಶುಭ್ರವಾಗಿದೆಯೇ ಎಂದು ನೋಡಿಕೊಳ್ಳುವುದು ಕ್ಯಾಪ್ಟನ್ನನ ಕರ್ತವ್ಯ. ರನ್‌ವೇಯು ಹಾರಾಟಕ್ಕೆ ಯೋಗ್ಯವಾಗಿದೆಯೇ ಎಂದು ನೋಡಿಕೊಳ್ಳುವುದು ನಿಲ್ದಾಣದ ಕರ್ತವ್ಯ. ಕಾರಣವು ರೆಕ್ಕೆಯಲ್ಲಿದ್ದರೆ ಹೊಣೆ ಒಬ್ಬ ವಿದೇಶೀ ಚಾಲಕನದು. ಕಾರಣವು ನೆಲದ ಮೇಲಿದ್ದರೆ ಹೊಣೆ ಆ ದೇಶದ ನಿಲ್ದಾಣದ ಆಡಳಿತದ್ದು. ಒಂದು ಅಂಗುಲದ ಹಿಮ ಮೇಲಿತ್ತೇ ಕೆಳಗಿತ್ತೇ ಎಂಬ ಪ್ರಶ್ನೆಯಲ್ಲಿ ಒಬ್ಬ ಮನುಷ್ಯನ ಬಾಳು ತೂಗಾಡುತ್ತಿತ್ತು. ತನಿಖೆ ನಡೆಸಿದವರು ಬೇಕೆಂದೇ ಅನ್ಯಾಯ ಮಾಡಿದರೆಂದು ಹೇಳಲು ಆಧಾರವಿಲ್ಲ. ಆದರೆ ತನ್ನ ಮನೆಯ ದೋಷವನ್ನು ತಾನೇ ಹುಡುಕಬೇಕಾದವನ ಕಣ್ಣು ಹೊರಗಿನವನ ದೋಷವನ್ನು ಬೇಗ ಕಾಣುತ್ತದೆಂಬುದು ಲೋಕದ ಅನುಭವ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣವನ್ನು ತೋರಿಸುವ ಸ್ವಭಾವಕ್ಕೆ ದೇಶಕಾಲಗಳ ಭೇದವಿಲ್ಲ.

ಇನ್ನು ಥೇನನ ಸ್ವಂತ ದೇಶವಾದರೂ ಅವನ ಬೆನ್ನಿಗೆ ನಿಂತಿತೇ? ಅದೂ ಇಲ್ಲ. 1960ರಲ್ಲಿ ಬ್ರಿಟನ್ನಿನಲ್ಲಿ ಎಡ್ಗರ್ ಫೇ ಎಂಬ ನ್ಯಾಯವಾದಿಯ ನೇತೃತ್ವದಲ್ಲಿ ಒಂದು ಆಯೋಗವು ಕುಳಿತು ಥೇನನ ನಡವಳಿಕೆಯನ್ನು ವಿಚಾರಿಸಿತು. ಜರ್ಮನ್ ವರದಿಯ ತೀರ್ಮಾನವನ್ನೇ ತಳಹದಿಯಾಗಿಟ್ಟುಕೊಂಡು ನಡೆದ ವಿಚಾರಣೆಯಲ್ಲಿ, ರೆಕ್ಕೆಯನ್ನು ಅವನು ಸಾಕಷ್ಟು ಪರೀಕ್ಷಿಸಲಿಲ್ಲವೆಂಬ ಮಾತಿಗೇ ಬಲ ಬಂದಿತು. ಪೀಠ ಬದಲಾಯಿಸಿದ ಲೋಪವಂತೂ ಇದ್ದೇ ಇತ್ತು. ಆ ವರ್ಷದ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಸಮಯದಲ್ಲಿ, ಸಂಸ್ಥೆಯು ಅವನನ್ನು ಕೆಲಸದಿಂದ ತೆಗೆದುಹಾಕಿತು. ಯುದ್ಧಕಾಲದ ವಾಯುಪಡೆಯಿಂದ ಬಂದವನು, ಆಕಾಶವೇ ಜೀವನವಾಗಿದ್ದವನು, ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕೋಳಿಸಾಕಣೆಗೆ ಇಳಿದನು.

ಆದರೆ ಅವನು ಸುಮ್ಮನೆ ಕೂರಲಿಲ್ಲ. ಒಂದು ಪ್ರಶ್ನೆ ಅವನನ್ನು ಕಾಡುತ್ತಿತ್ತು. ರೆಕ್ಕೆಯ ಮೇಲೆ ಮಂಜುಗಡ್ಡೆಯಿದ್ದರೆ ವಿಮಾನವು ಮೇಲೇಳಲಾರದು, ಸರಿ. ಆದರೆ ನೆಲದ ಮೇಲೆ ಓಡುತ್ತಿರುವಾಗ ವೇಗವೇಕೆ ತಗ್ಗಬೇಕು? 117ರಿಂದ 105ಕ್ಕೆ ಇಳಿದ ಮುಳ್ಳನ್ನು ಅವನು ಕಣ್ಣಾರೆ ಕಂಡಿದ್ದನು. ಚಕ್ರವನ್ನು ಏನೋ ಹಿಡಿದಿತ್ತು. ಅದೇನು?

ಉತ್ತರವು ನೀರಿನಲ್ಲಿ ಬೆರೆತು ಅರೆಕರಗಿದ ಹಿಮದ ಕೆಸರಿನಲ್ಲಿತ್ತು. ಮಳೆಗಾಲದಲ್ಲಿ ಸೈಕಲ್ ಸವಾರನೊಬ್ಬನು ಡಾಂಬರು ರಸ್ತೆಯಲ್ಲಿ ಜೋರಾಗಿ ಬರುತ್ತಿದ್ದು ಒಮ್ಮೆಲೆ ನೀರು ನಿಂತ ಕೆಸರುಹೊಂಡಕ್ಕೆ ನುಗ್ಗಿದರೆ ಏನಾಗುತ್ತದೆ? ಕಾಲು ಎಷ್ಟು ತುಳಿದರೂ ಸೈಕಲ್ ತಡೆದು ನಿಂತಂತಾಗುತ್ತದೆ. ಚಕ್ರವು ಮುಂದೆ ಹೋಗಬೇಕಾದರೆ ತನ್ನೆದುರಿನ ಕೆಸರನ್ನು ಪಕ್ಕಕ್ಕೆ ತಳ್ಳಬೇಕು; ಆ ತಳ್ಳುವಿಕೆಗೆ ಶಕ್ತಿ ವ್ಯಯವಾಗಬೇಕು. ವೇಗವು ಎರಡರಷ್ಟಾದರೆ ಈ ತಡೆಯು ಸುಮಾರು ನಾಲ್ಕರಷ್ಟಾಗುತ್ತದೆ. ಚಕ್ರದಿಂದ ಎರಚಿದ ಕೆಸರು ವಿಮಾನದ ಒಡಲಿಗೆ ಬಡಿದು ಇನ್ನಷ್ಟು ಹಿಂದಕ್ಕೆ ಎಳೆಯುತ್ತದೆ. ನಡೆದಾಡುವವನ ಬೂಟನ್ನಷ್ಟೇ ತೋಯಿಸುವ ಅಂಗುಲದ ಕೆಸರು ಇನ್ನೂರು ಕಿಲೋಮೀಟರು ವೇಗದ ವಿಮಾನಕ್ಕೆ ಗೋಡೆಯಾಗಬಲ್ಲುದು.

ಹಾಗಾದರೆ ಅದೇ ದಿನ ಬೇರೆ ವಿಮಾನಗಳು ಹೇಗೆ ಹಾರಿದವು? ಇದಕ್ಕೂ ಸಮಾಧಾನವಿತ್ತು. ಅವುಗಳಿಗೆ ಅಷ್ಟು ದೂರದ ಓಟ ಬೇಕಾಗಿರಲಿಲ್ಲ; ರನ್‌ವೇಯ ಮುಕ್ಕಾಲು ಭಾಗ ಮುಟ್ಟುವ ಮೊದಲೇ ಅವು ಗಾಳಿಯಲ್ಲಿದ್ದವು. ಅವುಗಳ ಚಕ್ರ ತಗುಲದ ಕೊನೆಯ ಮೂರನೆಯ ಒಂದು ಭಾಗದಲ್ಲಿ ಹಿಮದ ಕೆಸರು ಕದಡದೆ ಹಾಗೆಯೇ ಉಳಿದಿತ್ತು. ಎಂಜಿನನ್ನು ಕಾಪಾಡಲೆಂದು ನಿಧಾನವಾಗಿ ಶಕ್ತಿ ಕೊಡುತ್ತ ಬಂದ ಅಂಬಾಸಡರ್ ಮಾತ್ರ ಆ ಕೊನೆಯ ಭಾಗದವರೆಗೆ ಓಡಿತು. ಒಂದು ಅಪಾಯವನ್ನು ತಪ್ಪಿಸಲೆಂದು ಹಿಡಿದ ಜಾಗರೂಕತೆಯೇ ಇನ್ನೊಂದು ಅಪಾಯದ ಬಾಯಿಗೆ ಒಯ್ದಿತು!

1958ರಲ್ಲಿ ಈ ಸಂಗತಿಗಳು ವಿಮಾನಲೋಕಕ್ಕೆ ಸ್ಪಷ್ಟವಾಗಿ ತಿಳಿದಿರಲಿಲ್ಲ. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಕೆಸರು ನೀರಿನಲ್ಲಿ ವಿಮಾನಗಳನ್ನು ಓಡಿಸಿ ಪ್ರಯೋಗಗಳನ್ನು ನಡೆಸಿದ ಮೇಲೆ ಅದರ ಹಿಡಿತದ ಬಲ ಲೆಕ್ಕಕ್ಕೆ ಸಿಕ್ಕಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ವಿಜ್ಞಾನಕ್ಕೂ ಒಮ್ಮೊಮ್ಮೆ ಸಲ್ಲುತ್ತದೆ. 1965ರಲ್ಲಿ ಜರ್ಮನರು ವಿಚಾರಣೆಯನ್ನು ಮತ್ತೆ ತೆರೆದರು; ಕೆಸರೂ ಒಂದು ಕಾರಣವಾಗಿರಬಹುದೆಂದು ಒಪ್ಪಿಕೊಂಡರೂ ಮಂಜುಗಡ್ಡೆಯೇ ಮುಖ್ಯವೆಂಬ ಪಟ್ಟನ್ನು ಸಡಿಲಿಸಲಿಲ್ಲ.

1968ರಲ್ಲಿ ಬ್ರಿಟಿಷ್ ಸರ್ಕಾರವು ಅದೇ ಎಡ್ಗರ್ ಫೇಯ ಅಧ್ಯಕ್ಷತೆಯಲ್ಲಿ ಮತ್ತೊಂದು ವಿಚಾರಣೆಯನ್ನು ನಡೆಸಿತು. ಈ ಬಾರಿ ತಳಹದಿಯನ್ನೇ ಕೆದಕಿ ನೋಡಿದರು. ಹೊರಡುವ ಮುನ್ನ ತೆಗೆದ ವಿಮಾನದ ಒಂದು ಛಾಯಾಚಿತ್ರವು ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಅದರಲ್ಲಿ ರೆಕ್ಕೆಯ ಮೇಲೆ ಬೆಳ್ಳಗೆ ಹಿಮ ಮುಚ್ಚಿದಂತೆ ಕಾಣುತ್ತಿತ್ತು. ಈಗ ಮೂಲ ನೆಗೆಟಿವನ್ನೇ ತರಿಸಿ ಪರೀಕ್ಷಿಸಿದಾಗ ಅಲ್ಲಿ ಹಿಮವಿರಲಿಲ್ಲ. ಬೆಳ್ಳಗೆ ಕಂಡದ್ದು ರೆಕ್ಕೆಯ ಲೋಹದ ಮೇಲೆ ಬಿದ್ದ ಬೆಳಕಿನ ಪ್ರತಿಫಲನ. ನಕಲಿನ ನಕಲಾಗಿ ಅಚ್ಚಾಗುವಾಗ ಬೆಳಕೇ ಹಿಮವಾಗಿತ್ತು! ಅಪಘಾತವಾದೊಡನೆ ಸ್ಥಳಕ್ಕೆ ಓಡಿಬಂದವರಲ್ಲಿ ರೆಕ್ಕೆಯ ಮೇಲೆ ಮಂಜುಗಡ್ಡೆಯನ್ನು ಕಾಣಲಿಲ್ಲವೆಂದವರ ಮಾತಿಗೆ ಮೊದಲ ವಿಚಾರಣೆಯಲ್ಲಿ ದೊರೆಯದಿದ್ದ ಬೆಲೆ ಈಗ ದೊರೆಯಿತು. 1969ರ ಜೂನಿನಲ್ಲಿ ವರದಿ ಹೊರಬಂದಿತು. ದುರಂತಕ್ಕೆ ಕಾರಣ ರನ್‌ವೇಯ ಮೇಲಿನ ಹಿಮದ ಕೆಸರು; ರೆಕ್ಕೆಯ ಮಂಜುಗಡ್ಡೆಯೂ ಕಾರಣವಾಗಿದ್ದಿರುವುದು ಅಸಂಭವ; ದುರಂತದ ತಪ್ಪನ್ನು ಕ್ಯಾಪ್ಟನ್ ಥೇನನ ಮೇಲೆ ಹೊರಿಸತಕ್ಕುದಲ್ಲ ಎಂಬುದು ಅದರ ಸಾರ.

ಇದಕ್ಕೆ ಒಂದು ವರ್ಷ ಮೊದಲು, 1968ರ ಮೇ ತಿಂಗಳಲ್ಲಿ, ಅದೇ ಮ್ಯಾಂಚೆಸ್ಟರ್ ತಂಡವು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಯೂರೋಪಿನ ಕಪ್ಪನ್ನು ಗೆದ್ದಿತ್ತು. ಮ್ಯೂನಿಕ್ಕಿನಲ್ಲಿ ಸಾವಿನ ಬಾಯಿಂದ ಪಾರಾದ ಬಸ್ಬಿಯೇ ಅದರ ಸೂತ್ರಧಾರ. ಅಲ್ಲಿ ಬದುಕಿ ಉಳಿದ ಬಾಬಿ ಚಾರ್ಲ್‌ಟನ್ ಅದರ ನಾಯಕ. ತಂಡಕ್ಕೆ ಅದರ ಕಪ್ಪು ಸಿಕ್ಕಿತು. ಥೇನನಿಗೆ ಅವನ ಹೆಸರು ಸಿಕ್ಕಿತು, ಕೆಲಸ ಸಿಗಲಿಲ್ಲ. ಸಂಸ್ಥೆಯು ಅವನನ್ನು ಮರಳಿ ಕರೆಯಲೇ ಇಲ್ಲ. 1975ರಲ್ಲಿ, ಅರುವತ್ತು ತುಂಬುವ ಮೊದಲೇ, ಹೃದಯಾಘಾತದಿಂದ ಅವನು ತೀರಿಕೊಂಡನು.

ಥೇನನು ಸರ್ವಥಾ ನಿರ್ದೋಷಿಯೆ? ನ್ಯಾಯವಾಗಿ ತೂಗಿದರೆ ಹಾಗೆ ಹೇಳುವಂತಿಲ್ಲ. ಪೀಠ ಬದಲಾಯಿಸಿದ್ದು ನಿಯಮಭಂಗವೇ ಸರಿ. ಎರಡು ಸಲ ವಿಫಲವಾದ ಮೇಲೆ ಹಿಮದ ಮಧ್ಯಾಹ್ನದಲ್ಲಿ ಮೂರನೆಯ ಸಲ ಹೊರಡುವ ನಿರ್ಧಾರ ಅವನದೇ. ರಾತ್ರಿ ತಂಗಿದ್ದರೆ ಎಲ್ಲರೂ ಬದುಕುತ್ತಿದ್ದರೆಂಬುದೂ ನಿಜ. ಆದರೆ ಮಾಡಿದ ತಪ್ಪೇ ಬೇರೆ, ದುರಂತಕ್ಕೆ ಕಾರಣವಾದ ತಪ್ಪೇ ಬೇರೆ. ಎಡಗಡೆಯ ಪೀಠದಲ್ಲಿ ಯಾರು ಕುಳಿತಿದ್ದರೂ ಕೆಸರು ಚಕ್ರವನ್ನು ಹಿಡಿಯುತ್ತಿತ್ತು. ಅಧಿಕಾರದ ಪುಸ್ತಕದಲ್ಲಿ ಒಂದು ತಪ್ಪು ಸಿಕ್ಕಿತೆಂದು ಇನ್ನೊಂದು ತಪ್ಪಿನ ಶಿಕ್ಷೆಯನ್ನು ಅದೇ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹೊಣೆಯನ್ನು ಹಂಚಹೊರಟರೆ ಅದು ಎಷ್ಟು ಕೈಗಳಿಗೆ ಹೋಗಬೇಕು! ಶನಿವಾರದೊಳಗೆ ಮರಳಲೇಬೇಕೆಂಬ ಅವಸರವನ್ನು ಹುಟ್ಟಿಸಿದವರಿಗೆ ಒಂದು ಪಾಲು. ರನ್‌ವೇಯ ಕೊನೆಯ ಭಾಗದಲ್ಲಿ ಕೆಸರು ಎಷ್ಟಿದೆಯೆಂದು ಅಳೆದು ಚಾಲಕನಿಗೆ ತಿಳಿಸದವರಿಗೆ ಒಂದು ಪಾಲು. ರನ್‌ವೇಯ ಕೊನೆಗೆ ಅಷ್ಟು ಸಮೀಪದಲ್ಲಿ ಮನೆಯೂ ಶೆಡ್ಡೂ ಇರಲು ಬಿಟ್ಟವರಿಗೆ ಒಂದು ಪಾಲು. ಕೆಸರಿನ ಬಲವನ್ನು ಅಲ್ಲಿಯವರೆಗೆ ಅರಿಯದಿದ್ದ ವಿಮಾನವಿದ್ಯೆಗೆ ಒಂದು ಪಾಲು. ಮೂರನೆಯ ಸಲ ಹೊರಟ ಥೇನನಿಗೂ ಒಂದು ಪಾಲು. ಹೀಗೆ ಹಂಚಿದಾಗ ಯಾರ ಪಾಲೂ ಒಬ್ಬನ ಬಾಳನ್ನು ಮುರಿಯುವಷ್ಟು ದೊಡ್ಡದಾಗಿ ಉಳಿಯುವುದಿಲ್ಲ. ಯಾರ ಪಾಲೂ ಇಲ್ಲವೆನ್ನುವಷ್ಟು ಚಿಕ್ಕದೂ ಆಗುವುದಿಲ್ಲ. ಆದರೆ ಈ ಹಂಚಿಕೆಗೆ ತಾಳ್ಮೆ ಬೇಕು. ಒಬ್ಬನನ್ನು ತೋರಿಸಿ ಕೈತೊಳೆದುಕೊಳ್ಳುವುದು ಸುಲಭ. ಅದರಿಂದ ಉಳಿದವರೆಲ್ಲರಿಗೂ ನೆಮ್ಮದಿ.

ಆ ನೆಮ್ಮದಿಯೇ ಅಪಾಯಕಾರಿ. ಥೇನನ ಮೇಲೆ ತಪ್ಪು ಹೊರಿಸಿದ್ದರಿಂದ ಕೆಟ್ಟದ್ದು ಅವನೊಬ್ಬನ ಬಾಳಷ್ಟೇ ಅಲ್ಲ. ರೆಕ್ಕೆಯನ್ನೇ ನೋಡುತ್ತ ಕುಳಿತವರು ನೆಲವನ್ನು ನೋಡುವುದು ತಡವಾಯಿತು. ಕಾರಣವು ತಪ್ಪಾದರೆ ಮದ್ದೂ ತಪ್ಪಾಗುತ್ತದೆ. ಇಂದು ಸುಮಾರು ಅರ್ಧ ಅಂಗುಲಕ್ಕೆ ಮೀರಿ ಹಿಮದ ಕೆಸರು ನಿಂತ ರನ್‌ವೇಯಿಂದ ಜೆಟ್ ವಿಮಾನಗಳು ಸಾಮಾನ್ಯವಾಗಿ ಹೊರಡುವುದಿಲ್ಲ. ಶೀತದೇಶಗಳಲ್ಲಿ ಪ್ರತಿದಿನವೂ ಸಾವಿರಾರು ಜನರು ಆ ನಿಯಮದ ನೆರಳಿನಲ್ಲಿ ಸುಖವಾಗಿ ಮನೆ ಸೇರುತ್ತಾರೆ. ವಿಮಾನ ಅಪಘಾತದ ತನಿಖೆಯ ಗುರಿಯು ಇಂಥ ದುರಂತ ಮತ್ತೆ ನಡೆಯದಂತೆ ಮಾಡುವುದೇ ಹೊರತು ತಪ್ಪು ಹೊರಿಸುವುದಲ್ಲವೆಂಬುದು ಇಂದು ರಾಷ್ಟ್ರಗಳು ಒಪ್ಪಿಕೊಂಡಿರುವ ತತ್ವ. ಕಾಗದದ ಮೇಲೆ ಒಪ್ಪುವುದು ಸುಲಭ. ಸತ್ತವರ ಹೆಣಗಳ ಎದುರಿನಲ್ಲಿ, ಕೆರಳಿದ ಜನರ ಎದುರಿನಲ್ಲಿ ಪಾಲಿಸುವುದು ಕಷ್ಟ.

ಮ್ಯೂನಿಕ್ಕಿನಲ್ಲಿ ಆ ವಿಮಾನ ಬಿದ್ದ ಜಾಗಕ್ಕೆ 2008ರಲ್ಲಿ 'ಮ್ಯಾಂಚೆಸ್ಟರ್ ಚೌಕ' ಎಂದು ಹೆಸರಿಟ್ಟರು. ಪ್ರತಿವರ್ಷ ಫೆಬ್ರವರಿಯಲ್ಲಿ ಅಲ್ಲಿಗೆ ಜನರು ಬಂದು ಹೂವಿಟ್ಟು ಹೋಗುತ್ತಾರೆ. ಅಳಿದ ಇಪ್ಪತ್ತಮೂವರನ್ನು ನೆನೆಯುವಾಗ, ಅಳಿಯದೆ ಉಳಿದು ಹನ್ನೊಂದು ವರ್ಷ ಅಪವಾದವನ್ನು ಹೊತ್ತ ಇನ್ನೊಬ್ಬನನ್ನೂ ನೆನೆದರೆ ಆ ಸ್ಮರಣೆ ಪೂರ್ಣವಾದೀತು. ಇನ್ನು ಮನೆಯಲ್ಲಿ ಲೋಟ ಒಡೆದಾಗ ಮಗುವನ್ನು ಗದರುವ ಮುನ್ನ ಒಂದು ಗಳಿಗೆ ಮೇಜಿನ ಅಂಚನ್ನೂ, ನೆಲದ ಮೇಲಿನ ನೀರನ್ನೂ ನೋಡಿದರೆ, ಮ್ಯೂನಿಕ್ಕಿನ ಪಾಠವು ಇಷ್ಟು ದೂರ ಬಂದುದಕ್ಕೂ ಸಾರ್ಥಕವಾದೀತು.